ಸದ್ದಿಲ್ಲದ ಪೆಟ್ಟಿಗೆಯ ಸಾಹಸ

ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಹಳೆಯ ಎಲ್.ಪಿ. ತಟ್ಟೆಯೊಂದನ್ನು ರೆಕಾರ್ಡ್ ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದಾಗ ಮೊದಲು ಕೇಳಿಸಬೇಕಾದುದು ತಂಬೂರಿ. ಆದರೆ ಅನೇಕ ಮನೆಗಳಲ್ಲಿ ತಂಬೂರಿಗಿಂತ ಮೊದಲೇ ಇನ್ನೊಂದು ಶ್ರುತಿ ಹಿಡಿದಿರುತ್ತದೆ. ಅದು ಗೋಡೆಯ ಪ್ಲಗ್ಗಿನಿಂದ ಬಂದದ್ದು. ಸೆಕೆಂಡಿಗೆ 50 ಬಾರಿ ಕಂಪಿಸುವ ವಿದ್ಯುತ್ತು ಧ್ವನಿವರ್ಧಕದೊಳಗೆ ನುಸುಳಿ 'ಗುಂಯ್' ಎನ್ನುತ್ತಿರುತ್ತದೆ. ಗಾಯಕರ ಷಡ್ಜಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಹಾಡು ಏರಿದಾಗ ಈ ಸದ್ದು ಮರೆಯಾದೀತು. ಆದರೆ ವಿಲಂಬಿತ ಆಲಾಪದ ನಡುವೆ ಗಾಯಕರು ನಿಲ್ಲಿಸಿದ ಕಡೆಯಲ್ಲೆಲ್ಲ ಅದು ಮತ್ತೆ ತಲೆಯೆತ್ತುತ್ತದೆ.

ಈ ಬೇಡದ ಶ್ರುತಿಯನ್ನು ಹೊರಗಟ್ಟುವ ಹೊಣೆ ಬಹುಪಾಲು ಒಂದು ಪುಟ್ಟ ಪೆಟ್ಟಿಗೆಯದು. ಅದರ ಹೆಸರು ಪ್ರಿಆಂಪ್ಲಿಫೈಯರ್. ಲಕ್ಷಗಟ್ಟಲೆ ಬೆಲೆಯ ಪ್ರಿಆಂಪ್ಲಿಫೈಯರ್‌ಗಳು ಮಾರುಕಟ್ಟೆಯಲ್ಲಿವೆ. ಅದೇ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಮಾಡುವ ಪೆಟ್ಟಿಗೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಕಟ್ಟಿಕೊಂಡವರೂ ಜಗತ್ತಿನಾದ್ಯಂತ ಇದ್ದಾರೆ. ಇದು ಹೇಗೆ ಸಾಧ್ಯವಾಯಿತು ಎಂಬುದರ ಹಿಂದೆ ಸ್ವಾರಸ್ಯಕರವಾದ ಇತಿಹಾಸವಿದೆ.

ಮುಳ್ಳಿನಿಂದ ಸ್ಪೀಕರಿನವರೆಗೆ

ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳು ಅತ್ತಿತ್ತ ಅಲುಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕಾರ್ಟ್ರಿಜ್‌ನಲ್ಲಿ ಆ ಮುಳ್ಳಿನ ಹಿಂದೆ ಒಂದು ಸಣ್ಣ ಅಯಸ್ಕಾಂತವಿರುತ್ತದೆ. ಅದು ಅಲುಗಿದಂತೆ ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದರ ಪ್ರಮಾಣ ಸುಮಾರು 5 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲು ಕೊಡುವ 1.5 ವೋಲ್ಟಿನ ಮುನ್ನೂರರಲ್ಲಿ ಒಂದು ಪಾಲು! ಸ್ಪೀಕರನ್ನು ದುಡಿಸುವ ದೊಡ್ಡ ಆಂಪ್ಲಿಫೈಯರ್‌ಗೆ ಮಾತ್ರ ತನ್ನ ಪೂರ್ಣ ಶಕ್ತಿ ತೋರಿಸಲು ಸುಮಾರು ಒಂದು ವೋಲ್ಟಿನಷ್ಟು ಬೇಕು. ಈ ಎರಡರ ನಡುವೆ ನಿಂತು, ಕ್ಷೀಣ ಸಂಕೇತವನ್ನು ಮೊದಲು ಕೈಹಿಡಿದೆತ್ತುವುದು ಪ್ರಿಆಂಪ್ಲಿಫೈಯರ್. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ, ಮಂದ್ರ ಮತ್ತು ತಾರ ಸ್ವರಗಳನ್ನು ಹೊಂದಿಸುವ ಗುಂಡಿಗಳು, ರೇಡಿಯೊ ಬೇಕೋ ತಟ್ಟೆ ಬೇಕೋ ಎಂದು ಆರಿಸುವ ಸ್ವಿಚ್ಚು ಎಲ್ಲವೂ ಇದರಲ್ಲೇ ಇರುತ್ತವೆ.

ಬರೀ ದೊಡ್ಡದು ಮಾಡುವುದಾದರೆ ಅಷ್ಟೇನೂ ಕಷ್ಟವಿಲ್ಲ. ತೊಡಕಿರುವುದು ತಟ್ಟೆಯಲ್ಲಿ. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ಆದ್ದರಿಂದ ಮುದ್ರಿಸುವಾಗಲೇ ಮಂದ್ರವನ್ನು ತಗ್ಗಿಸುತ್ತಾರೆ. ತಾರ ಸ್ವರಗಳನ್ನು ಮಾತ್ರ ಬೇಕೆಂದೇ ಏರಿಸಿ ಕೊರೆಯುತ್ತಾರೆ. ಕೇಳುವಾಗ ಅವುಗಳನ್ನು ಇಳಿಸಿದರೆ, ಜೊತೆಗೆ ತಟ್ಟೆಯ 'ಸುಯ್' ಎನ್ನುವ ಮೇಲ್ಮೈ ಸದ್ದೂ ಇಳಿಯುತ್ತದೆ ಎಂಬ ಉಪಾಯ ಅದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ಎಲ್.ಪಿ. ತಟ್ಟೆಯನ್ನು ಹೊರತಂದ ಮೇಲೂ ಈ ಏರಿಳಿತದ ಲೆಕ್ಕ ಒಂದೊಂದು ಕಂಪೆನಿಯದು ಒಂದೊಂದು ರೀತಿ ಇತ್ತು. ಆ ಕಾಲದ ಒಳ್ಳೆಯ ಪ್ರಿಆಂಪ್ಲಿಫೈಯರ್‌ಗಳಲ್ಲಿ ಬೇರೆ ಬೇರೆ ಕಂಪೆನಿಗಳ ತಟ್ಟೆಗಳಿಗಾಗಿ ತಿರುಗಿಸುವ ಸ್ವಿಚ್ಚೇ ಇರುತ್ತಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಆರ್‌ಐಎಎ ಒಂದೇ ಅಳತೆಯನ್ನು ಗೊತ್ತುಮಾಡಿತು. ಮುಂದೆ ಜಗತ್ತು ಅದನ್ನೇ ಅನುಸರಿಸಿತು.

ಕೇಳುವವರ ಮನೆಯಲ್ಲಿ ಪ್ರಿಆಂಪ್ಲಿಫೈಯರ್ ಈ ಲೆಕ್ಕವನ್ನು ತಿರುಗುಮುರುಗು ಮಾಡಬೇಕು. ನಡುವಿನ ಸ್ವರಗಳನ್ನು ನೂರು ಪಟ್ಟು ಹೆಚ್ಚಿಸುವ ಪೆಟ್ಟಿಗೆ, ಅತಿ ಎತ್ತರದ ಸ್ವರಗಳನ್ನು ಹತ್ತೇ ಪಟ್ಟು ಹೆಚ್ಚಿಸುತ್ತದೆ. ಸೆಕೆಂಡಿಗೆ 50 ಕಂಪನಗಳ ಮಂದ್ರವನ್ನೋ ಸುಮಾರು ಏಳುನೂರು ಪಟ್ಟು ಹೆಚ್ಚಿಸಬೇಕಾಗುತ್ತದೆ. 50 ಎಂಬ ಸಂಖ್ಯೆ ಮನೆಗೆ ಬರುವ ಕರೆಂಟಿನ ಸಂಖ್ಯೆಯೂ ಹೌದು. ಕಳ್ಳ ಬರುವ ದಾರಿಯಲ್ಲೇ ಬಾಗಿಲು ಅಗಲ ಮಾಡಿಟ್ಟಂತೆ! ವೋಲ್ಟಿನ ಲಕ್ಷದಲ್ಲಿ ಒಂದು ಪಾಲು ಗುಂಯ್‌ಗುಟ್ಟುವಿಕೆ ಒಳಹೊಕ್ಕರೂ ಸಾಕು, ಹೊರಬರುವ ಹೊತ್ತಿಗೆ ಅದು ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಪ್ರಿಆಂಪ್ಲಿಫೈಯರ್ ಕಟ್ಟುವವರ ನಿಜವಾದ ಪರೀಕ್ಷೆ ಇದು. ಸದ್ದು ಮಾಡಿಸುವುದಲ್ಲ, ಸುಮ್ಮನಿರಿಸುವುದು.

ಗುಟ್ಟು ಬಿಟ್ಟುಕೊಟ್ಟವರು

ಮನೆಯಲ್ಲೇ ಉತ್ತಮ ಧ್ವನಿಯಂತ್ರ ಕಟ್ಟುವ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಬ್ರಿಟನ್ನಿನಲ್ಲಿ. ಆಹಾರ ಪದಾರ್ಥಗಳ ರೇಷನ್ ಅಲ್ಲಿ 1954ರವರೆಗೂ ಇತ್ತು. ಕಾರ್ಖಾನೆಯ ದುಬಾರಿ ಯಂತ್ರ ಕೊಳ್ಳುವುದು ಜನಸಾಮಾನ್ಯರಿಗೆ ದೂರದ ಮಾತು. ಆದರೆ ಯುದ್ಧದಲ್ಲಿ ಉಳಿದ ವಾಲ್ವ್‌ಗಳೂ ಬಿಡಿಭಾಗಗಳೂ ಲಂಡನ್ನಿನ ಲೈಲ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಗಳ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದವು. ಸೈನ್ಯದಲ್ಲಿ ರೇಡಿಯೊ, ರೆಡಾರ್ ಕೆಲಸ ಕಲಿತು ಮನೆಗೆ ಮರಳಿದ ತರುಣರೂ ಇದ್ದರು. ಬೇಕಾಗಿದ್ದದ್ದು ನಂಬಬಹುದಾದ ಒಂದು ನಕ್ಷೆ ಮಾತ್ರ.

ಅದನ್ನು ಕೊಟ್ಟವರು ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರ್. ವಾಲ್ವ್ ತಯಾರಿಸುವ ಕಂಪೆನಿಯೊಂದರಲ್ಲಿ ಕೆಲಸ ಮಾಡುವಾಗ ಅವರು ರೂಪಿಸಿದ ಆಂಪ್ಲಿಫೈಯರಿನ ವಿವರ 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿನ್ನೂ ಇಪ್ಪತ್ತರ ಹರೆಯದವರು. 15 ವ್ಯಾಟ್ ಶಕ್ತಿ, ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆ ವಿಕೃತಿ. ಆ ಕಾಲಕ್ಕೆ ಇದು ಅಚ್ಚರಿಯ ಸಾಧನೆ. ವಿಲಿಯಮ್ಸನ್ ಏನನ್ನೂ ಬಚ್ಚಿಡಲಿಲ್ಲ. ಪ್ರತಿ ಬಿಡಿಭಾಗದ ಅಳತೆ, ಟ್ರಾನ್ಸ್‌ಫಾರ್ಮರ್ ಸುತ್ತುವ ಲೆಕ್ಕ ಸಹ ಲೇಖನದಲ್ಲಿತ್ತು. 1949ರಲ್ಲಿ ಇದಕ್ಕೆ ಜೊತೆಯಾಗುವ ಪ್ರಿಆಂಪ್ಲಿಫೈಯರನ್ನೂ ಅದೇ ಪತ್ರಿಕೆಯಲ್ಲಿ ಬರೆದರು. ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಜನ ಇದನ್ನು ಕಟ್ಟಿದರು. ಅಲ್ಲಿನ ಹೀತ್‌ಕಿಟ್ ಕಂಪೆನಿ ಇದೇ ಮಾದರಿಯ ಬಿಡಿಭಾಗಗಳ ಪೊಟ್ಟಣವನ್ನೇ ಮಾರಿತು.

ವಿಲಿಯಮ್ಸನ್ ವಿನ್ಯಾಸದ ಜೀವಾಳ 'ನೆಗೆಟಿವ್ ಫೀಡ್‌ಬ್ಯಾಕ್' ಎಂಬ ತತ್ವ. ಹೊರಬಂದ ಸಂಕೇತದ ಒಂದು ಪಾಲನ್ನು ತಲೆಕೆಳಗು ಮಾಡಿ ಮತ್ತೆ ಒಳಗಿನ ಬಾಗಿಲಿಗೆ ತಂದು ಒಪ್ಪಿಸುವುದು ಇದರ ಸಾರ. ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರ ತಾನೇ ಕಂಡುಕೊಂಡು ತಿದ್ದಿಕೊಳ್ಳುತ್ತದೆ. ವರ್ಧನೆ ಕಡಿಮೆಯಾಗುತ್ತದೆ, ಆದರೆ ಜೊತೆಗೇ ತಪ್ಪೂ ಕಡಿಮೆಯಾಗುತ್ತದೆ. ಇದು ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ಹೊಳೆದದ್ದು 1927ರ ಆಗಸ್ಟ್ 2ರ ಬೆಳಿಗ್ಗೆ, ಕೆಲಸಕ್ಕೆ ಹೋಗಲು ಹಡ್ಸನ್ ನದಿ ದಾಟುವ ದೋಣಿಯಲ್ಲಿ. ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಾಳೆಯ ಮೇಲೆಯೇ ಅವರು ಲೆಕ್ಕ ಗೀಚಿಕೊಂಡರು. ದೂರದ ಟೆಲಿಫೋನ್ ಮಾತನ್ನು ಸ್ಪಷ್ಟಗೊಳಿಸಲು ಹುಟ್ಟಿದ ಉಪಾಯ ಸಂಗೀತಕ್ಕೂ ಒದಗಿತು.

ಬ್ರಿಟನ್ನಿನವರೇ ಆದ ಪೀಟರ್ ಬ್ಯಾಕ್ಸಂಡಾಲ್ ಇದೇ ತತ್ವವನ್ನು ಮಂದ್ರ ಮತ್ತು ತಾರ ಸ್ವರಗಳ ಗುಂಡಿಗಳಿಗೆ ಅಳವಡಿಸಿ 1952ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಗುಂಡಿ ನಟ್ಟನಡುವೆ ಇದ್ದಾಗ ಸಂಗೀತ ಇದ್ದದ್ದು ಇದ್ದಂತೆ. ಎಡಕ್ಕೋ ಬಲಕ್ಕೋ ತಿರುಗಿಸಿದರೆ ಸಲೀಸಾಗಿ ಇಳಿಕೆ, ಏರಿಕೆ. ಮುಂದೆ ರೇಡಿಯೊ, ಟೇಪ್ ರೆಕಾರ್ಡರ್, ಸ್ಟೀರಿಯೊಗಳ 'ಬಾಸ್', 'ಟ್ರೆಬಲ್' ಗುಂಡಿಗಳ ಹಿಂದೆ ಎಷ್ಟೋ ಕಡೆ ಇರುವುದು ಬ್ಯಾಕ್ಸಂಡಾಲರ ಈ ಸರ್ಕ್ಯೂಟೇ.

ಪೆಟ್ಟಿಗೆಯೊಳಗಿನ ವಾಸ್ತು

ನಕ್ಷೆ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ನಕ್ಷೆ ಹೇಳುವುದಿಲ್ಲ. ಕಾಗದದ ಮೇಲೆ ಒಂದೇ ಗೆರೆಯಾಗಿ ಕಾಣುವ ತಂತಿ ಪೆಟ್ಟಿಗೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಮೊದಲ ಶತ್ರು ಟ್ರಾನ್ಸ್‌ಫಾರ್ಮರ್. ಅದರ ಸುತ್ತ ಹರಡುವ ಕಾಂತಕ್ಷೇತ್ರ ಹತ್ತಿರದ ತಂತಿಗಳಲ್ಲಿ ಗುಂಯ್ ಸದ್ದನ್ನು ಹುಟ್ಟಿಸುತ್ತದೆ. ಆದ್ದರಿಂದ ಅನುಭವಸ್ಥರು ಅದನ್ನು ಪೆಟ್ಟಿಗೆಯ ದೂರದ ಮೂಲೆಯಲ್ಲಿಡುತ್ತಾರೆ, ಇಲ್ಲವೇ ಬೇರೆ ಪೆಟ್ಟಿಗೆಯಲ್ಲೇ ಇಟ್ಟು ತಂತಿಯಿಂದ ಜೋಡಿಸುತ್ತಾರೆ. ಮುಳ್ಳಿನಿಂದ ಬರುವ ಸಂಕೇತದ ಜಾಗ ಇನ್ನೊಂದು ತುದಿಯಲ್ಲಿ. ಎಲ್ಲಕ್ಕೂ ಹೊರಗೆ ಲೋಹದ ಕವಚ.

ಎರಡನೆಯದು ಒಳಗಿನ ಅರ್ಥಿಂಗ್ ತಂತಿಗಳ ಜೋಡಣೆ. ಯಾವ ತಂತಿಯೂ ಪೂರ್ಣ ನಿರಾತಂಕ ದಾರಿಯಲ್ಲ. ಪ್ರತಿಯೊಂದಕ್ಕೂ ಅಷ್ಟಿಷ್ಟು ತಡೆ ಇರುತ್ತದೆ. ವಿದ್ಯುತ್ ಪೂರೈಕೆಯ ಒರಟು ಪ್ರವಾಹವೂ ಸಂಗೀತದ ಸೂಕ್ಷ್ಮ ಸಂಕೇತವೂ ಒಂದೇ ತಂತಿಯಲ್ಲಿ ಹಿಂದಿರುಗಿದರೆ, ಒಂದರ ಕೊಳೆ ಇನ್ನೊಂದಕ್ಕೆ ಅಂಟುತ್ತದೆ. ಬಚ್ಚಲ ನೀರು ಹರಿಯುವ ಕಾಲುವೆಯಲ್ಲೇ ಕುಡಿಯುವ ನೀರನ್ನೂ ಹರಿಸಿದಂತೆ. ಪರಿಹಾರ ಸರಳ. ಪ್ರತಿ ಭಾಗದಿಂದಲೂ ಬೇರೆ ಬೇರೆ ತಂತಿ ತಂದು, ನಕ್ಷತ್ರದ ಕಿರಣಗಳಂತೆ ಎಲ್ಲವನ್ನೂ ಒಂದೇ ಬಿಂದುವಿನಲ್ಲಿ ಸೇರಿಸುವುದು.

ಕಿವಿಯೇ ಇಲ್ಲಿ ಒಳ್ಳೆಯ ಮಾಪಕ. ಗುಂಯ್ ಸದ್ದು ಮೃದುವಾಗಿ, ತಗ್ಗಿನಲ್ಲಿದ್ದರೆ ಅದು ಬಹುತೇಕ ಟ್ರಾನ್ಸ್‌ಫಾರ್ಮರಿನ 50ರ ಕಂಪನ. ಸ್ವಲ್ಪ ಒರಟಾಗಿ, ಒಂದು ಸ್ಥಾಯಿ ಮೇಲಿದ್ದರೆ ಅದು ಕರೆಂಟನ್ನು ಏಕಮುಖಗೊಳಿಸುವಾಗ ಉಳಿಯುವ 100ರ ಕಂಪನ. ಆಗ ತಪ್ಪು ವಿದ್ಯುತ್ ಪೂರೈಕೆಯಲ್ಲೋ ಅರ್ಥಿಂಗ್ ಜೋಡಣೆಯಲ್ಲೋ ಇರಬೇಕು. ಒಳಬರುವ ಎರಡು ತುದಿಗಳನ್ನು ಪರಸ್ಪರ ಕೂಡಿಸಿ ನೋಡುವುದು ಇನ್ನೊಂದು ಪರೀಕ್ಷೆ. ಆಗಲೂ ಸದ್ದು ನಿಲ್ಲದಿದ್ದರೆ ರೋಗ ಪೆಟ್ಟಿಗೆಯ ಒಳಗಿದೆ. ನಿಂತರೆ ಹೊರಗಿನ ತಂತಿಯಲ್ಲಿದೆ.

ಇವೆಲ್ಲವನ್ನೂ ಗೆದ್ದ ಮೇಲೂ ಒಂದು ಸಣ್ಣ 'ಸುಯ್' ಉಳಿಯುತ್ತದೆ. ಅದು ಯಾರ ತಪ್ಪೂ ಅಲ್ಲ. ಯಾವುದೇ ವಸ್ತುವಿನಲ್ಲಿ ಶಾಖವಿರುವವರೆಗೆ ಅದರೊಳಗಿನ ಎಲೆಕ್ಟ್ರಾನುಗಳು ಚಡಪಡಿಸುತ್ತವೆ, ಆ ಚಡಪಡಿಕೆಯೇ ಸದ್ದಾಗುತ್ತದೆ. 1928ರಲ್ಲಿ ಜಾನ್ಸನ್ ಅದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಲೆಕ್ಕದಿಂದ ವಿವರಿಸಿದರು. ಇಬ್ಬರೂ ಬೆಲ್ ಪ್ರಯೋಗಾಲಯದವರೇ. ಸಾವಿರ ಓಮ್‌ನ ಒಂದು ರೆಸಿಸ್ಟರ್, ಯಾವ ಕರೆಂಟಿಗೂ ಜೋಡಿಸದೆ ಸುಮ್ಮನೆ ಬಿದ್ದಿದ್ದರೂ, ಕಿವಿಗೆ ಕೇಳುವ ಕಂಪನಗಳ ವ್ಯಾಪ್ತಿಯಲ್ಲಿ ಅರ್ಧ ಮೈಕ್ರೋವೋಲ್ಟಿಗಿಂತ ತುಸು ಹೆಚ್ಚಿನ ಸದ್ದನ್ನು ಹುಟ್ಟಿಸುತ್ತಿರುತ್ತದೆ. ಎಷ್ಟೇ ಹಣ ಸುರಿದರೂ ಪ್ರಕೃತಿಯ ಈ ಗೆರೆಯನ್ನು ದಾಟಲಾಗದು. ಹತ್ತಿರ ಹೋಗಬಹುದು, ಅಷ್ಟೇ.

ಬೆಲೆಯಲ್ಲ, ತಿಳಿವಳಿಕೆ

ವಾಲ್ವ್‌ಗಳ ಕಾಲ ಕಳೆದು ಟ್ರಾನ್ಸಿಸ್ಟರ್ ಬಂದಾಗಲೂ ಹಂಚಿಕೊಳ್ಳುವ ಈ ಪರಂಪರೆ ಮುಂದುವರಿಯಿತು. ಜಾನ್ ಲಿನ್ಸ್ಲೆ ಹುಡ್ 1969ರಲ್ಲಿ ಕೇವಲ ನಾಲ್ಕು ಟ್ರಾನ್ಸಿಸ್ಟರ್‌ಗಳ 10 ವ್ಯಾಟ್ ಆಂಪ್ಲಿಫೈಯರನ್ನೂ, ಅದಕ್ಕೊಪ್ಪುವ ಪ್ರಿಆಂಪ್ಲಿಫೈಯರನ್ನೂ ಪ್ರಕಟಿಸಿದರು. ಡಗ್ಲಸ್ ಸೆಲ್ಫ್ 1996ರಲ್ಲಿ ಪ್ರಕಟಿಸಿದ ಪ್ರಿಆಂಪ್ಲಿಫೈಯರ್ ನಂಬಿದ್ದು 5532 ಎಂಬ ಎಂಟು ಕಾಲಿನ ಸಾಧಾರಣ ಚಿಪ್ಪನ್ನು. ಧ್ವನಿಮುದ್ರಣ ಸ್ಟುಡಿಯೊಗಳ ಮಿಕ್ಸರ್‌ಗಳಲ್ಲಿ ರಾಶಿಗಟ್ಟಲೆ ಬಳಕೆಯಾಗಿರುವ ಚಿಪ್ಪು ಇದು. ಬೆಲೆ ಒಂದು ಹೋಟೆಲ್ ಊಟದ ಬೆಲೆಯನ್ನು ಮೀರದು. ಚಿನ್ನದ ಲೇಪ, ವಿಶೇಷ ತಂತಿ, ಅಪರೂಪದ ಕೆಪಾಸಿಟರ್ ಎಂದು ಮಾರುಕಟ್ಟೆ ಏನೇ ಹೇಳಿದರೂ ಸೆಲ್ಫ್ ಅವರ ವಾದ ಒಂದೇ: ಅಳೆದು ನೋಡಿ, ಆಮೇಲೆ ನಂಬಿ.

ಬ್ರಿಟನ್ನಿನಂತೆ ಭಾರತದ ಕರೆಂಟೂ 50ರ ಕಂಪನದ್ದೇ. ಆದ್ದರಿಂದ ಅಲ್ಲಿನ ಪಾಠಗಳು ಇಲ್ಲಿಗೂ ನೇರವಾಗಿ ಹೊಂದುತ್ತವೆ. ಬೆಂಗಳೂರಿನ ಮಟ್ಟಿಗೆ ಬಿಡಿಭಾಗಗಳಿಗೂ ಸ್ಥಳೀಯ ನೆಲೆಯಿತ್ತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ 1961ರಿಂದ ರೇಡಿಯೊ ವಾಲ್ವ್‌ಗಳನ್ನೂ, 1962ರಿಂದ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳನ್ನೂ ತಯಾರಿಸಿತು. ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳು ಇಂದಿಗೂ ಬಿಡಿಬಿಡಿಯಾಗಿ ಸಿಗುತ್ತವೆ. ಲಂಡನ್ನಿನ ಲೈಲ್ ಸ್ಟ್ರೀಟ್ ಅಂದು ಮಾಡಿದ ಕೆಲಸವನ್ನು ಈ ರಸ್ತೆ ಇಲ್ಲಿ ಮಾಡುತ್ತಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಗುಂಯ್ ಸದ್ದು ನಿಲ್ಲಲಿಲ್ಲವೆಂದು ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಅರ್ಥಿಂಗ್ ತಂತಿಯನ್ನೇ ಕತ್ತರಿಸಿ ಹಾಕುವವರಿದ್ದಾರೆ. ಸದ್ದು ನಿಲ್ಲಲೂಬಹುದು. ಆದರೆ ಒಳಗೆಲ್ಲೋ 230 ವೋಲ್ಟಿನ ತಂತಿ ಸಡಿಲವಾಗಿ ಲೋಹದ ಕವಚಕ್ಕೆ ತಾಗಿದ ದಿನ, ಗುಂಡಿ ಮುಟ್ಟಿದವರ ಪ್ರಾಣಕ್ಕೇ ಕುತ್ತು. ಆ ತಂತಿ ಇರುವುದು ಸಂಗೀತಕ್ಕಾಗಿ ಅಲ್ಲ, ಕೇಳುವವರ ಜೀವಕ್ಕಾಗಿ. ವಾಲ್ವ್ ಯಂತ್ರಗಳಲ್ಲಂತೂ ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಸದ್ದಿನ ಮೂಲ ಹುಡುಕಬೇಕಾದದ್ದು ಪೆಟ್ಟಿಗೆಯೊಳಗಿನ ಜೋಡಣೆಯಲ್ಲಿ, ಯಂತ್ರಗಳ ನಡುವಿನ ತಂತಿಗಳಲ್ಲಿ. ಗೋಡೆಯ ಪ್ಲಗ್ಗಿನಲ್ಲಿ ಅಲ್ಲ.

1982ರಲ್ಲಿ ಸಿ.ಡಿ. ಬಂದಾಗ ಪ್ರಿಆಂಪ್ಲಿಫೈಯರಿನ ಕೆಲಸ ಮುಗಿಯಿತೆಂದು ಹಲವರು ತಿಳಿದರು. ಸಿ.ಡಿ. ಪ್ಲೇಯರ್ ನೇರವಾಗಿ ಸುಮಾರು 2 ವೋಲ್ಟ್ ಕೊಡುತ್ತದೆ, ಅದಕ್ಕೆ ಕೈಹಿಡಿದೆತ್ತುವವರು ಬೇಕಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಎಲ್.ಪಿ. ತಟ್ಟೆಗಳಿಗೆ ಮತ್ತೆ ಬೇಡಿಕೆ ಬಂದಿದೆ. ಅವುಗಳ ಜೊತೆಗೆ ಆ 5 ಮಿಲಿವೋಲ್ಟೂ, ಆ ಹಳೆಯ ಗುಂಯ್ ಸದ್ದೂ ಮರಳಿವೆ.

ಮನೆಯಲ್ಲಿ ಕಟ್ಟಿದ ಪೆಟ್ಟಿಗೆ ಚೆನ್ನಾಗಿದೆಯೇ ಎಂದು ತಿಳಿಯುವ ಬಗೆ ಸುಲಭ. ರಾತ್ರಿ ಊರು ಮಲಗಿದ ಮೇಲೆ ಎಂದಿನ ಮಟ್ಟಕ್ಕೆ ಗುಂಡಿ ತಿರುಗಿಸಿ, ಮುಳ್ಳು ಇಳಿಸದೆ, ಸ್ಪೀಕರಿನ ಮುಂದೆ ಕೂರಬೇಕು. ಕರೆಂಟು ಇದೆಯೋ ಹೋಗಿದೆಯೋ ಎಂದು ಕೆಂಪು ದೀಪ ನೋಡಿ ಖಚಿತಪಡಿಸಿಕೊಳ್ಳಬೇಕಾಗಿ ಬಂದರೆ ಕೆಲಸ ಗೆದ್ದಂತೆ. ಆಮೇಲೆ ಮುಳ್ಳು ಇಳಿಸಿದಾಗ ಕೇಳಿಸುವ ಮೊದಲ ಶ್ರುತಿ ತಂಬೂರಿಯದೇ ಆಗಿರುತ್ತದೆ.