ಕೋಳಿಮರಿ ಹೇಂಟೆಯೋ, ಹುಂಜವೋ?

ಕಾವುಗೋಳಿ ಮರಿಗಳನ್ನು ಅಂಗಳಕ್ಕೆ ಇಳಿಸಿದ ದಿನವೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಇವುಗಳಲ್ಲಿ ಹೇಂಟೆ ಎಷ್ಟು, ಹುಂಜ ಎಷ್ಟು? ಹೇಂಟೆಯಾದರೆ ಆರೇಳು ತಿಂಗಳಿಗೆ ಮೊಟ್ಟೆ, ಮುಂದೆ ಮತ್ತೆ ಮರಿ. ಹುಂಜವಾದರೆ ಹಬ್ಬಕ್ಕೋ ಜಾತ್ರೆಗೋ ಮಾರಾಟ. ಎರಡಕ್ಕೂ ಬೆಲೆಯಿದೆ. ಆದರೆ ಮೊಟ್ಟೆಯ ಆಸೆಯಿಂದ ಸಂತೆಯಲ್ಲಿ ಹಣ ಕೊಟ್ಟು ತಂದ ಮರಿಗಳೆಲ್ಲ ಬೆಳೆದು ಕೂಗಲಾರಂಭಿಸಿದರೆ, ಮನೆಯ ಹೆಂಗಸರು ಕೂಡಿಟ್ಟ ಕಾಸೂ ಹೋಯಿತು, ಹಾಕಿದ ಕಾಳೂ ಹೋಯಿತು. ಆದ್ದರಿಂದ ಯಾವ ವಯಸ್ಸಿನಲ್ಲಿ ಯಾವ ಗುರುತನ್ನು ಎಷ್ಟು ನಂಬಬಹುದು ಎಂಬುದನ್ನು ಕೋಳಿ ಸಾಕುವ ಪ್ರತಿಯೊಬ್ಬರೂ ತಿಳಿದಿರಬೇಕು.

ಮೊಟ್ಟೆ ನೋಡಿ ಹೇಳಲಾಗದು

ಚೂಪು ಮೊಟ್ಟೆಯಿಂದ ಹುಂಜ, ಗುಂಡು ಮೊಟ್ಟೆಯಿಂದ ಹೇಂಟೆ ಎಂಬ ಮಾತು ಬಹಳ ಹಳೆಯದು. ರೋಮಿನ ಕೃಷಿ ಗ್ರಂಥಕಾರ ಕೊಲುಮೆಲ್ಲಾ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಹೀಗೆ ಬರೆದಿದ್ದಾನೆ. ಅವನಿಗಿಂತ ಹಿಂದಿನ ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ತೀರ ವಿರುದ್ಧವಾಗಿ, ಉದ್ದನೆಯ ಚೂಪು ಮೊಟ್ಟೆಯಲ್ಲಿ ಹೆಣ್ಣಿರುತ್ತದೆ ಎಂದಿದ್ದ. ಇಬ್ಬರ ಮಾತೂ ನಿಜವಲ್ಲ. ಮೊಟ್ಟೆಯ ಆಕಾರ ಅದನ್ನಿಟ್ಟ ಹೇಂಟೆಯ ಮೈಗುಣ; ಒಳಗಿನ ಮರಿಗೂ ಅದಕ್ಕೂ ಸಂಬಂಧವಿಲ್ಲ. ಮೊಟ್ಟೆಯ ಮೇಲೆ ದಾರಕ್ಕೆ ಸೂಜಿ ಕಟ್ಟಿ ತೂಗಿ ನೋಡುವುದು, ಮರಿಯನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಅದು ಒದ್ದಾಡುವ ರೀತಿಯಿಂದ ಹೇಳುವುದು ಕೂಡ ಊಹೆಯೇ. ಯಾವುದೇ ಊಹೆ ನೂರರಲ್ಲಿ ಐವತ್ತು ಸಲ ತಾನಾಗಿಯೇ ನಿಜವಾಗುತ್ತದೆ. ನಿಜವಾದದ್ದು ನೆನಪಿನಲ್ಲಿ ಉಳಿಯುತ್ತದೆ, ಸುಳ್ಳಾದದ್ದು ಮರೆತುಹೋಗುತ್ತದೆ.

ಮರಿಗಳಲ್ಲಿ ಹುಂಜ ಹೆಚ್ಚಾದಾಗ ಕೆಲವರು ಹುಂಜವನ್ನೇ ಬದಲಾಯಿಸುತ್ತಾರೆ. ಇದೂ ವ್ಯರ್ಥ. ಕೋಳಿಯಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದು ಹೇಂಟೆ. ಹುಂಜದಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳೆರಡೂ ಒಂದೇ ಬಗೆಯವು. ಹೇಂಟೆಯಲ್ಲಿ ಮಾತ್ರ ಎರಡು ಬೇರೆ ಬಗೆಯವು. ಇವುಗಳಲ್ಲಿ ಯಾವುದು ಮೊಟ್ಟೆಗೆ ಸೇರಿತೋ ಅದರಂತೆ ಮರಿ. ಮೊಟ್ಟೆ ಇಡುವ ಮೊದಲೇ ಇದು ತೀರ್ಮಾನವಾಗಿರುತ್ತದೆ. ಕಾವಿನ ಬಿಸಿ ಹೆಚ್ಚುಕಡಿಮೆ ಮಾಡಿ ಹೇಂಟೆ ಪಡೆಯಲು ಸಾಧ್ಯವಿಲ್ಲ.

ದೊಡ್ಡ ಲೆಕ್ಕದಲ್ಲಿ ಅರ್ಧ ಹೇಂಟೆ, ಅರ್ಧ ಹುಂಜ. ಆದರೆ ಒಂದೊಂದು ಗೂಡಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಹತ್ತತ್ತು ಮರಿಗಳ ಗೂಡುಗಳನ್ನು ತೆಗೆದುಕೊಂಡರೆ, ಸರಾಸರಿ ಆರು ಗೂಡಿಗೆ ಒಂದರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಹುಂಜಗಳೇ ಇರುತ್ತವೆ. ಅದು ಹೇಂಟೆಯ ದೋಷವಲ್ಲ, ಹುಂಜದ ದೋಷವೂ ಅಲ್ಲ.

ಒಂದು ದಿನದ ಮರಿ

ಹಾಗಾದರೆ ಮರಿಮಾಡುವ ದೊಡ್ಡ ಕೇಂದ್ರಗಳವರು ಒಂದು ದಿನದ ಮರಿಗಳನ್ನು ಹೇಗೆ ಬೇರ್ಪಡಿಸುತ್ತಾರೆ? ಅದಕ್ಕೆ ಮೂರು ವಿಧಾನಗಳಿವೆ.

ಮೊದಲನೆಯದು ಗುದದ್ವಾರದ ಪರೀಕ್ಷೆ. ಜಪಾನಿನ ಕಿಯೋಶಿ ಮಸುಯಿ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕೋಳಿ ಸಮ್ಮೇಳನದ ಮೂಲಕ ಇದು ಬೇರೆ ದೇಶಗಳಿಗೂ ತಿಳಿಯಿತು. ಗುದದ್ವಾರವನ್ನು ಮೆಲ್ಲಗೆ ಬಿಡಿಸಿದಾಗ ಹುಂಜದ ಮರಿಯಲ್ಲಿ ಗುಂಡುಸೂಜಿಯ ತಲೆಗಿಂತಲೂ ಸಣ್ಣ ಗುಬುಟು ಕಾಣುತ್ತದೆ. ಕೆಲವು ಹೇಂಟೆ ಮರಿಗಳಲ್ಲೂ ಅಂಥದೇ ಗುಬುಟು ಇರುವುದರಿಂದ ಕಣ್ಣು ಪಳಗಿರಬೇಕು. ನುರಿತವರು ಗಂಟೆಗೆ ಎಂಟುನೂರು, ಸಾವಿರ ಮರಿಗಳನ್ನು ನೋಡಿ, ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸರಿಯಾಗಿ ಹೇಳುತ್ತಾರೆ. ಆದರೆ ಆ ಕೈಚಳಕ ದೀರ್ಘ ತರಬೇತಿಯಿಂದ ಬಂದದ್ದು. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಬೆರಳಿನ ಒತ್ತಡ ಸ್ವಲ್ಪ ಹೆಚ್ಚಾದರೂ ಮರಿಯ ಒಳಗಿನ ಭಂಡಾರದ ಚೀಲ ಒಡೆದು ಅದು ಸಾಯಬಹುದು.

ಎರಡನೆಯದು ಬಣ್ಣ. ರೋಡ್ ಐಲ್ಯಾಂಡ್ ರೆಡ್ ಹುಂಜವನ್ನು ಪಟ್ಟೆಪಟ್ಟೆ ಗರಿಯ ಪ್ಲಿಮತ್ ರಾಕ್ ಹೇಂಟೆಗೆ ಬಿಟ್ಟರೆ, ಹುಟ್ಟುವ ಕಪ್ಪು ಮರಿಗಳಲ್ಲಿ ಹುಂಜಗಳ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುತ್ತದೆ, ಹೇಂಟೆಗಳಲ್ಲಿ ಇರುವುದಿಲ್ಲ. ಇದೇ ಜೋಡಿಯನ್ನು ತಿರುವುಮುರುವು ಮಾಡಿದರೆ ಗುರುತು ಸಿಗದು.

ಮೂರನೆಯದು ರೆಕ್ಕೆಯ ಗರಿ. ಬೇಗ ಗರಿ ಬರುವ ಹುಂಜ ಮತ್ತು ನಿಧಾನವಾಗಿ ಗರಿ ಬರುವ ಹೇಂಟೆ, ಇವುಗಳ ಮಿಶ್ರಣದಲ್ಲಿ ಮೊದಲ ಒಂದೆರಡು ದಿನ ರೆಕ್ಕೆ ಬಿಡಿಸಿ ನೋಡಬೇಕು. ಹೇಂಟೆ ಮರಿಯಲ್ಲಿ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ ಗರಿಗಳಿರುತ್ತವೆ. ಹುಂಜದ ಮರಿಯಲ್ಲಿ ಎರಡು ಸಾಲೂ ಹೆಚ್ಚುಕಡಿಮೆ ಸಮ.

ಬಣ್ಣ ಮತ್ತು ಗರಿಯ ಗುರುತು ಹಿಡಿಯುವುದು ಅದಕ್ಕೆಂದೇ ಜೋಡಿ ಕೂಡಿಸಿದ ತಳಿಗಳಿಗೆ ಮಾತ್ರ. ನಮ್ಮ ಹಿತ್ತಲ ನಾಟಿ ಕೋಳಿಯಲ್ಲಿ ಯಾವ ಗುಣ ಯಾವುದರೊಡನೆ ಬೆರೆತಿದೆಯೋ ಹೇಳಲಾಗದು. ಆದ್ದರಿಂದ ರೆಕ್ಕೆ ಬಿಡಿಸಿ ತೋರಿಸಿ, 'ಇವೆಲ್ಲ ಹೇಂಟೆ' ಎಂದು ನಾಟಿ ಮರಿಗಳಿಗೆ ಹೆಚ್ಚು ಬೆಲೆ ಕೇಳುವವರ ಮಾತಿಗೆ ಮರುಳಾಗಬೇಡಿ.

ವಾರ ಕಳೆದಂತೆ ಕಾಣುವ ಗುರುತುಗಳು

ನಾಟಿ ಮರಿಗಳಿಗೆ ಕಾದು ನೋಡುವುದೇ ಸರಿಯಾದ ಪರೀಕ್ಷೆ. ಒಂದೇ ಗೂಡಿನ, ಒಂದೇ ವಯಸ್ಸಿನ ಮರಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ.

ಮೂರು, ನಾಲ್ಕು ವಾರ: ಸಾಮಾನ್ಯವಾಗಿ ಹೇಂಟೆ ಮರಿಗಳಿಗೆ ಬೆನ್ನು ಮತ್ತು ಬಾಲದ ಗರಿ ಬೇಗ ತುಂಬುತ್ತದೆ, ಹುಂಜದ ಮರಿಗಳ ಬೆನ್ನು ಇನ್ನೂ ಬೋಳುಬೋಳಾಗಿರುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ಐದರಿಂದ ಎಂಟು ವಾರ: ಹುಂಜದ ಮರಿಯ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಗಲ್ಲದ ಕೆಳಗಿನ ಜೋಲು ಚರ್ಮ ಇಳಿಯತೊಡಗುತ್ತದೆ. ಕಾಲು ದಪ್ಪ, ನಿಲುವು ನೆಟ್ಟಗೆ. ಹೇಂಟೆಯ ಜುಟ್ಟು ಇನ್ನೂ ಸಣ್ಣದು, ಬಣ್ಣ ಮಸುಕು. ಅಸೀಲ್ ಜಾತಿಯಲ್ಲಿ ಮಾತ್ರ ಜುಟ್ಟು ಹುಟ್ಟಿನಿಂದಲೇ ಗಿಡ್ಡ. ಅಲ್ಲಿ ಜುಟ್ಟನ್ನು ನೆಚ್ಚಿಕೊಳ್ಳಬೇಡಿ. ಮರಿಗಳ ಜಗಳವನ್ನೂ ನಂಬಬೇಡಿ. ಹೇಂಟೆ ಮರಿಗಳೂ ಎದೆಗೆ ಎದೆ ಕೊಟ್ಟು ಕಾದಾಡುತ್ತವೆ.

ಹತ್ತರಿಂದ ಹದಿನಾಲ್ಕು ವಾರ: ಈಗ ಮರಿಯನ್ನು ಹಿಡಿದು ಬಾಲದ ಬುಡದ ಮುಂದೆ, ಬೆನ್ನಿನ ಇಳಿಜಾರಿನ ಗರಿಗಳನ್ನು ನೋಡಿ. ಕಿರಿದಾಗಿ, ತುದಿ ಚೂಪಾಗಿ, ಮಿರಮಿರನೆ ಹೊಳೆಯುತ್ತಿದ್ದರೆ ಹುಂಜ. ಅಗಲವಾಗಿ, ತುದಿ ದುಂಡಗಿದ್ದರೆ ಹೇಂಟೆ. ಕತ್ತಿನ ಗರಿಯಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. ಗುರುತುಗಳಲ್ಲೆಲ್ಲ ಹೆಚ್ಚು ನಂಬಬಹುದಾದದ್ದು ಇದೇ. ಈ ವೇಳೆಗೆ ಅನೇಕ ಹುಂಜಗಳು ಒಡಕು ದನಿಯಲ್ಲಿ ಕೂಗಲು ಕಲಿಯುತ್ತವೆ. ಕಾಲಿನ ಮುಳ್ಳಿಗಾಗಿ ಕಾಯಬೇಕಾಗಿಲ್ಲ. ಅದು ತಡವಾಗಿ ಬೆಳೆಯುತ್ತದೆ, ಕೆಲವು ಹೇಂಟೆಗಳಿಗೂ ಬರುತ್ತದೆ.

ಕಣ್ಣು ಪಳಗಬೇಕಾದರೆ ಒಂದು ಸುಲಭ ಅಭ್ಯಾಸ ಮಾಡಿ. ನಾಲ್ಕನೇ ವಾರದಲ್ಲಿ ಹೇಂಟೆ ಎನಿಸಿದ ಮರಿಗಳ ಕಾಲಿಗೆ ಒಂದು ಬಣ್ಣದ ದಾರ, ಹುಂಜ ಎನಿಸಿದವಕ್ಕೆ ಇನ್ನೊಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ. ಕಾಲು ದಪ್ಪವಾದಂತೆ ವಾರಕ್ಕೊಮ್ಮೆ ಬಿಚ್ಚಿ ಕಟ್ಟಬೇಕು, ಇಲ್ಲವಾದರೆ ದಾರ ಮಾಂಸಕ್ಕೆ ಇಳಿಯುತ್ತದೆ. ಹನ್ನೆರಡನೇ ವಾರ ಗರಿ ನೋಡಿ ತಾಳೆ ಹಾಕಿ. ಎರಡು ಮೂರು ಗೂಡು ಹೀಗೆ ನೋಡಿದರೆ ನಿಮ್ಮ ಮನೆಯ ಕೋಳಿಗಳಲ್ಲಿ ಯಾವ ಗುರುತು ಬೇಗ ಹಿಡಿಯುತ್ತದೆಂದು ನಿಮಗೇ ತಿಳಿಯುತ್ತದೆ.

ಕೊಳ್ಳುವಾಗ ಎಚ್ಚರ

ಸಂತೆ, ಜಾತ್ರೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಹಚ್ಚಿದ ಅಗ್ಗದ ಮರಿಗಳು ಬರುತ್ತವೆ. ಇವು ಬಹುಪಾಲು ಮೊಟ್ಟೆ ತಳಿಯ ಕೇಂದ್ರಗಳಲ್ಲಿ ಬೇಡವೆಂದು ಬೇರ್ಪಡಿಸಿದ ಹುಂಜದ ಮರಿಗಳು. ಇವು ಮೊಟ್ಟೆ ಇಡುವುದಿಲ್ಲ. ಮಾಂಸದ ತಳಿಯಂತೆ ಬೇಗ ಮೈ ತುಂಬುವುದೂ ಇಲ್ಲ. ಮಕ್ಕಳ ಹಟಕ್ಕೆ ಕೊಂಡರೂ ಮೊಟ್ಟೆಯ ಲೆಕ್ಕಕ್ಕೆ ಕೊಳ್ಳಬೇಡಿ. ಮೊಟ್ಟೆ ತಳಿಯ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿಯೂ ಅನೇಕ ದೇಶಗಳಲ್ಲಿದೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ. ಕಾವಿಗಿಟ್ಟ ಮೊಟ್ಟೆಯಿಂದ ಸುಮಾರು ಒಂಬತ್ತನೇ ದಿನ ಒಂದು ಹನಿ ದ್ರವ ತೆಗೆದು ಗಂಡು ಹೆಣ್ಣು ಪರೀಕ್ಷಿಸುವ ಯಂತ್ರಗಳು ಅಲ್ಲಿ ಬಂದಿವೆ. ಹಳ್ಳಿಯ ಹಿತ್ತಲಿಗೆ ಅಂಥ ಯಂತ್ರದ ಅಗತ್ಯವಿಲ್ಲ. ನಮ್ಮಲ್ಲಿ ನಾಟಿ ಹುಂಜಕ್ಕೂ ಗಿರಾಕಿಯಿದ್ದಾರೆ.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರದಂಥ ಹಿತ್ತಲ ತಳಿಗಳ ಮರಿ ತರುವಾಗ, ಬೇರ್ಪಡಿಸಿದ ಮರಿಗಳೋ ಮಿಶ್ರವೋ ಎಂದು ಮೊದಲೇ ಕೇಳಿ. ಮಿಶ್ರವಾದರೆ ಅರ್ಧ ಹುಂಜ ಎಂದೇ ಲೆಕ್ಕ ಹಾಕಿ, ಹತ್ತು ಹೇಂಟೆ ಬೇಕಿದ್ದರೆ ಇಪ್ಪತ್ತಕ್ಕಿಂತ ಕಡಿಮೆ ತರಬೇಡಿ. ಸಾಯುವ ಮರಿಗಳ ಲೆಕ್ಕವೂ ಇರಲಿ. ಬೇರ್ಪಡಿಸಿದ್ದು ಎಂದರೆ ಆ ಮಾತನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಹೇಂಟೆಯೇ ಬೇಕು, ಹಣವೂ ಅಷ್ಟಕ್ಕಷ್ಟೆ ಎನ್ನುವವರು ಹತ್ತು ಹನ್ನೆರಡು ವಾರ ಬೆಳೆದ ಮರಿಗಳನ್ನೇ ಗರಿ ನೋಡಿ ಕೊಳ್ಳುವುದು ಲೇಸು. ಬೆಲೆ ಹೆಚ್ಚಾದರೂ ಮೋಸವಿಲ್ಲ.

ಮನೆಯಲ್ಲಿ ಹುಟ್ಟಿದ ಮರಿಗಳಾದರೆ, ಗುರುತು ಸಿಕ್ಕ ಕೂಡಲೇ ಹುಂಜಗಳನ್ನು ಬೇರೆ ಪಂಜರಕ್ಕೆ ಹಾಕಿ. ಕಾಳಿಗಾಗಿ ಅವು ಹೇಂಟೆ ಮರಿಗಳನ್ನು ಕುಕ್ಕುವುದು ತಪ್ಪುತ್ತದೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಒಳ್ಳೆಯ ಹುಂಜ ಸಾಕು. ಅದನ್ನೂ ಬೇರೆ ಮನೆಯವರೊಡನೆ ಬದಲಾಯಿಸಿಕೊಂಡರೆ ಒಂದೇ ರಕ್ತ ಕೂಡುವುದು ತಪ್ಪುತ್ತದೆ. ಉಳಿದ ಹುಂಜಗಳನ್ನು ಯುಗಾದಿಯ ಹೊಸತೊಡಕಿಗೋ ಊರ ಜಾತ್ರೆಗೋ ಹದವಾಗುವಂತೆ ಬೆಳೆಸಿ. ಅದಕ್ಕೆ ನಾಲ್ಕೈದು ತಿಂಗಳು ಮುಂಚೆಯೇ ಕಾವು ಕೂರಿಸುವ ಲೆಕ್ಕವಿದ್ದರೆ, ಗೂಡಿನಲ್ಲಿ ಹುಂಜ ಹೆಚ್ಚಾದ ವರ್ಷವೂ ಕೈಗೆ ನಾಲ್ಕು ಕಾಸು ಬರುತ್ತದೆ.