ಯಂತ್ರಯೋಧನಿಗೆ ಬಣ್ಣ

ಮನುಷ್ಯನು ಒಳಗೆ ಕುಳಿತು ನಡೆಸುವ, 18 ಮೀಟರು ಎತ್ತರದ ಯಂತ್ರಯೋಧನೊಬ್ಬನ ಕಲ್ಪಿತಕಥೆಯು 1979ರಲ್ಲಿ ಜಪಾನಿನ ದೂರದರ್ಶನದಲ್ಲಿ ಬಂದಿತು. ಆ ಯೋಧನ ಹೆಸರು ಗಂಡಮ್. ಮರುವರ್ಷ ಬಂಡೈ ಸಂಸ್ಥೆಯವರು ಅವನನ್ನು 144ರಲ್ಲೊಂದು ಪಾಲಿಗೆ ಕುಗ್ಗಿಸಿ, ಬಿಡಿಭಾಗಗಳ ಪೆಟ್ಟಿಗೆಯನ್ನು 300 ಯೆನ್ನಿಗೆ ಮಾರಿದರು. ಜೋಡಿಸಿದರೆ ಗೇಣಿಗಿಂತ ಕಿರಿದಾದ ಬೊಂಬೆ. ಆದರೂ ಹಿರಿಯರು ಇದನ್ನು ಬರಿಯ ಆಟವೆಂದು ತಾತ್ಸಾರಮಾಡಲಾಗದು.

ಈ ಕೆಲಸಕ್ಕೆ ಅವಸರವೇ ಶತ್ರು. ಭಾಗಗಳನ್ನು ಚೌಕಟ್ಟಿನಿಂದ ಕೈಯಲ್ಲಿ ಮುರಿಯದೆ ಕತ್ತರಿಸಿ ಬಿಡಿಸಬೇಕು. ಉಳಿದ ಮೊನೆಯನ್ನು ಉಪ್ಪುಕಾಗದದಿಂದ ತೀಡಬೇಕು. ಅಂಟು ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಬೆಸೆಯುವುದರಿಂದ ಒಂದು ತೊಟ್ಟು ಸಾಕು; ಅದರ ಆವಿ ಒಳ್ಳೆಯದಲ್ಲ, ಕಿಟಕಿಗಳು ತೆರೆದಿರಲಿ. ಬಣ್ಣವನ್ನು ತೆಳ್ಳಗೆ ಬಳಿದು, ಪೂರ್ಣವಾಗಿ ಒಣಗಿದ ಮೇಲೆಯೇ ಎರಡನೆಯ ಲೇಪವನ್ನು ಕೊಡತಕ್ಕದ್ದು.

ನಮ್ಮ ಮನೆಯ ಬಾಲಕನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಎದೆಯ ನೀಲಿಬಣ್ಣವನ್ನು ಹಸಿಯಾಗಿರುವಾಗಲೇ ಮುಟ್ಟಿದನು. ಬೆರಳಿನ ಗುರುತು ಬಿದ್ದಿತು. ಒರಸಲು ಹೋದರೆ ಇನ್ನೂ ಕೆಡುವುದೆಂದು ತಿಳಿದು ಅತ್ತನು. “ಒಣಗಲಿ ಮಗು, ನಾಳೆ ತೀಡಿ ಮತ್ತೆ ಬಳಿಯೋಣ” ಎಂದೆನು. ಆ ರಾತ್ರಿ ಅವನು ಅದನ್ನು ಮುಟ್ಟದೆ ಮಲಗಿದನು. ನನಗೆ ಅದೇ ದೊಡ್ಡ ಗೆಲವಾಗಿ ತೋರಿತು. ಮರುದಿನ ಇಬ್ಬರೂ ಕೂಡಿ ತೀಡಿ ಬಳಿದೆವು. ಆ ಗುರುತು ಈಗಲೂ ನಮ್ಮಿಬ್ಬರ ಕಣ್ಣಿಗೆ ಮಾತ್ರ ಕಾಣುವುದುಂಟು.