ಗಾಜಿನೆಳೆಗೆ ಕಾವಲು

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಕೊಡಗಿನ ಹಲವು ಊರುಗಳ ರಸ್ತೆ ಕಡಿದಾಗ, ನೆರವನ್ನು ಕರೆಯಲು ದೂರವಾಣಿಯೇ ಬೇಕಾಯಿತು. ಇಂದು ಮಾತನ್ನು ದೂರಕ್ಕೆ ಒಯ್ಯುವುದು ಗಾಜಿನೆಳೆಯೊಳಗಿನ ಬೆಳಕು. ಆ ಎಳೆಯ ತಿರುಳಿನ ವ್ಯಾಸ ಸುಮಾರು 9 ಮೈಕ್ರೋಮೀಟರ್. ನಮ್ಮ ತಲೆಗೂದಲು ಇದರ ಹಲವು ಪಟ್ಟು ದಪ್ಪ. ಆದುದರಿಂದ ಎರಡು ಎಳೆಗಳು ಕೂಡುವ ಕನೆಕ್ಟರಿನಲ್ಲಿ ಕಣ್ಣಿಗೆ ಕಾಣದ ಧೂಳಿನ ಕಣವೂ ಬೆಳಕನ್ನು ತಡೆಯಬಲ್ಲುದು. ಕಣವು ಮೊನೆಗಳನ್ನು ಅಗಲಿಸಿದರೆ ನಡುವೆ ಗಾಳಿ ಸೇರುವುದು. ಗಾಜೂ ಗಾಳಿಯೂ ಸಂಧಿಸುವ ಒಂದೊಂದು ಎಲ್ಲೆಯಲ್ಲಿಯೂ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಿರುಗುವುದು.

ಮುಚ್ಚಿದ ಪೆಟ್ಟಿಗೆಯೊಳಕ್ಕೆ ತೇವ ಹೇಗೆ ಹೊಕ್ಕೀತೆಂದು ನಾವು ಕೇಳಬಹುದು. ಬಿಸಿಲಿಗೆ ಕಾದ ಪೆಟ್ಟಿಗೆ ಮಳೆಗೆ ತಣಿದಾಗ ಒಳಗಣ ಗಾಳಿಯ ಒತ್ತಡ ಇಳಿಯುತ್ತದೆ. ಸಣ್ಣ ಸಂದಿಯಿದ್ದರೂ ಹೊರಗಣ ತೇವ ಒಳಕ್ಕೆ ಸೆಳೆಯಲ್ಪಡುತ್ತದೆ. ಇದನ್ನು ತಡೆಯಲೆಂದೇ ಮುಚ್ಚಳದಡಿ ರಬ್ಬರಿನ ಬಳೆಯನ್ನು ಅದುಮಿ ಕೂರಿಸುವರು. ಕೇಬಲ್ಲು ಒಳಹೋಗುವೆಡೆ ಬಿಸಿಗೆ ಕುಗ್ಗುವ ಕೊಳವೆಯನ್ನು ತೊಡಿಸುವರು. ಆದರೆ ಮೊದಲು ಮೊನೆಗಳನ್ನು ಒರೆಸಿ ಶುಚಿಗೊಳಿಸಬೇಕು. ಇಲ್ಲವಾದರೆ ನಾವು ಕೊಳೆಗೇ ಕಾವಲಿಟ್ಟಂತಾಗುವುದು.